ಉಡಿಗೆಯನ್ನು ತೂಗುವ ಎರಡು ತಕ್ಕಡಿಗಳು

ಹೆಣ್ಣುಮಕ್ಕಳ ಉಡಿಗೆ ತೊಡಿಗೆಯ ವಿಷಯವಾಗಿ ಹಳ್ಳಿಯ ಕಟ್ಟೆಗಳ ಮೇಲೆ ನಡೆಯುವ ಮಾತು ನಿಮಗೆ ಹೊಸದಲ್ಲ. ಸೀರೆ ಬಿಟ್ಟು ಚೂಡಿದಾರ ಹಾಕಿದಳು, ಜಡೆ ಕತ್ತರಿಸಿದಳು, ಕೆಟ್ಟ ಕಾಲ ಬಂತು ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಹೀಗೆ ಹೇಳುವವರ ಮೈಮೇಲೆ ಏನಿದೆ ಎಂದು ನೋಡೋಣ. ಅಂಗಿ, ಪ್ಯಾಂಟು, ಕೈಗಡಿಯಾರ, ಕ್ರಾಪು. ಇವರ ಮುತ್ತಜ್ಜಂದಿರಾದರೋ ಕಿವಿಗೆ ಒಂಟಿ ಇಟ್ಟು, ಕೈಗೆ ಕಡಗ ತೊಟ್ಟು, ಜುಟ್ಟು ಬಿಟ್ಟು, ಕಚ್ಚೆ ಕಟ್ಟಿ, ರುಮಾಲು ಸುತ್ತುತ್ತಿದ್ದರು. ಇವುಗಳನ್ನು ಗಂಡಸರು ಒಂದೊಂದಾಗಿ ಕಳಚಿಟ್ಟರು. ಜುಟ್ಟು ತೆಗೆಸಿದ ಹುಡುಗರಿಗೆ ಮನೆಯಲ್ಲಿ ಬೈಗಳು ಬಿದ್ದದ್ದುಂಟು. ಆದರೆ ಆ ಸಿಟ್ಟು ಬಹುಕಾಲ ನಿಲ್ಲಲಿಲ್ಲ. ಗಂಡಸಿನ ಬದಲಾವಣೆಗೆ ಅನುಕೂಲವೆಂಬ ಹೆಸರು ಬಂತು. ಹೆಂಗಸಿನ ಬದಲಾವಣೆಗೆ ಶೀಲದ ಪರೀಕ್ಷೆಯೇ ಬಂತು. ಒಂದೇ ಮನೆಯಲ್ಲಿ ಎರಡು ತಕ್ಕಡಿ ಇಟ್ಟುಕೊಂಡು ತೂಗುವದು ನ್ಯಾಯವೋ ಎಂಬದೇ ನಮ್ಮ ಪ್ರಶ್ನೆ.

ಇದಕ್ಕೆ ಕೆಲವರು, ಸ್ತ್ರೀಪುರುಷರ ಉಡಿಗೆಯ ಭೇದವು ಸೃಷ್ಟಿಯಿಂದಲೇ ಗೊತ್ತಾದದ್ದು, ಅಲಂಕಾರವು ಹೆಣ್ಣಿಗೆ ಸಹಜ, ಸರಳತೆಯು ಗಂಡಿಗೆ ಸಹಜ ಎಂದು ಉತ್ತರ ಕೊಡುತ್ತಾರೆ. ಚರಿತ್ರೆಯು ಹಾಗೆ ಸಾಕ್ಷಿ ಹೇಳುವದಿಲ್ಲ. ಈಗ ಪಟ್ಟಣದ ಹೆಂಗಸರಿಗೆ ಸೇರಿದ್ದೆಂದು ಎಣಿಸಲ್ಪಡುವ ಎತ್ತರ ಹಿಮ್ಮಡಿಯ ಜೋಡನ್ನು ಮೊದಲು ಮೆಟ್ಟಿದವರು ಪಾರಸಿ ದೇಶದ ಕುದುರೆ ಸವಾರರು. ರಿಕಾಪಿನಲ್ಲಿ ಕಾಲು ಜಾರದೆ ನಿಲ್ಲುವದಕ್ಕೆ ಅದು ಬೇಕಾಗಿತ್ತು. ಅಲ್ಲಿಂದ ಅದು ಯುರೋಪಿನ ಶ್ರೀಮಂತ ಗಂಡಸರ ಕಾಲಿಗೆ ಬಂತು. ಫ್ರಾನ್ಸಿನ ಅರಸನಾದ ಹದಿನಾಲ್ಕನೆಯ ಲೂಯಿಯ ಚಿತ್ರವು 1701ರಲ್ಲಿ ಬರೆಯಲ್ಪಟ್ಟಿತು. ಅದರಲ್ಲಿ ಅವನು ಕೆಂಪು ಹಿಮ್ಮಡಿಯ ಜೋಡು, ರೇಷ್ಮೆಯ ಕಾಲುಚೀಲ, ಹೆಗಲ ಮೇಲೆ ಇಳಿಬಿದ್ದ ಕಟ್ಟುಗೂದಲು ಇವೆಲ್ಲವನ್ನು ಧರಿಸಿ ನಿಂತಿದ್ದಾನೆ. ಅವನನ್ನು ಹೆಣ್ಣಿಗನೆಂದು ಹೇಳುವ ಧೈರ್ಯ ಯಾರಿಗಿತ್ತು? ಮುಂದಿನ ನೂರು ವರುಷಗಳೊಳಗೆ ಆ ದೇಶಗಳ ಗಂಡಸರು ಬಣ್ಣವನ್ನೂ ಕಸೂತಿಯನ್ನೂ ಬಿಟ್ಟು ಕಪ್ಪು ಬಟ್ಟೆಗೆ ತಿರುಗಿದರು. ಆ ಮೇಲೆ ಅಲಂಕಾರಪ್ರಿಯತೆಯು ಹೆಂಗಸರ ದೌರ್ಬಲ್ಯವೆಂದು ಉಪದೇಶಿಸಲಾರಂಭಿಸಿದರು. ಅದೇ ದೇಶದ ಪಾರೀಸು ಪಟ್ಟಣದಲ್ಲಿ ಗಂಡಸಿನ ಉಡುಪು ಹಾಕಲಿಚ್ಛಿಸುವ ಸ್ತ್ರೀಯು ಪೊಲೀಸರ ಅಪ್ಪಣೆಚೀಟಿ ಪಡೆಯಬೇಕೆಂದು 1800ರಲ್ಲಿ ಆಜ್ಞೆಯಾಯಿತು. ಕುದುರೆಯ ಲಗಾಮನ್ನೋ ಸೈಕಲ್ಲಿನ ಹಿಡಿಯನ್ನೋ ಹಿಡಿದವಳಿಗೆ ಮಾತ್ರ ತರುವಾಯ ರಿಯಾಯಿತಿ ದೊರೆಯಿತು. ಆ ಆಜ್ಞೆಯು ಇನ್ನು ನಡೆಯತಕ್ಕದ್ದಲ್ಲವೆಂದು ಅಲ್ಲಿಯ ಸರಕಾರವು ಹೇಳಿದ್ದು 2013ರಲ್ಲಿ!

ಹಾಗಾದರೆ ಮಾನಮರ್ಯಾದೆಯ ಸಲುವಾಗಿಯೇ ಈ ಕಟ್ಟುಗಳು ಹುಟ್ಟಿದವಲ್ಲವೇ ಎಂದು ಕೇಳುವವರಿಗೆ ನಮ್ಮ ದಕ್ಷಿಣ ದೇಶದ ಒಂದು ಸಂಗತಿಯನ್ನು ಜ್ಞಾಪಕಪಡಿಸುತ್ತೇವೆ. ತಿರುವಾಂಕೂರು ಸೀಮೆಯಲ್ಲಿ ಚಾನ್ನಾರರೆಂಬ, ಅಂದರೆ ನಾಡಾರ್ ಜನರ, ಸ್ತ್ರೀಯರು ಮೇಲ್ಜಾತಿಯವರೆದುರಿಗೆ ಎದೆಯ ಮೇಲೆ ವಸ್ತ್ರ ಹಾಕಬಾರದೆಂಬ ಕಟ್ಟಳೆ ಇತ್ತು. ಅವರೊಳಗೆ ಕ್ರೈಸ್ತರಾದವರು ಕುಪ್ಪಸ ತೊಡಲಾರಂಭಿಸಿದಾಗ ಕಲಹ ಹುಟ್ಟಿ ಹಲವು ದಶಕ ಉರಿಯಿತು. 1858–59ರಲ್ಲಿ ಬೀದಿಗಳಲ್ಲಿ ಹೆಂಗಸರ ಮೇಲುಬಟ್ಟೆಗಳು ಹರಿಯಲ್ಪಟ್ಟವು, ಪ್ರಾರ್ಥನಾಮಂದಿರಗಳು ಸುಡಲ್ಪಟ್ಟವು. 1859ನೆಯ ಜುಲೈ ತಿಂಗಳಲ್ಲಿ ಮಹಾರಾಜರು ಪ್ರಕಟಣೆ ಹೊರಡಿಸಿ, ಮೈ ಮುಚ್ಚಿಕೊಳ್ಳಬಹುದು, ಆದರೆ ಮೇಲ್ಜಾತಿಯ ಸ್ತ್ರೀಯರ ರೀತಿಯಲ್ಲಿ ಅಲ್ಲ ಎಂದರು. ಇದು ಜಾತಿಯ ಅಹಂಕಾರವೆಂಬದು ನಿಜವೇ. ಆ ಜನರ ಗಂಡಸರ ಮೇಲೂ ಇಂಥಾ ಕಟ್ಟಳೆಗಳು ಇದ್ದವು. ಆದರೂ ಜಗಳದ ರಣರಂಗವಾದದ್ದು ಹೆಂಗಸಿನ ಮೈ. ಒಂದು ಕಡೆ ಮುಚ್ಚಿಕೊಂಡದ್ದಕ್ಕೆ ಪೆಟ್ಟು, ಇನ್ನೊಂದು ಕಡೆ ಮುಚ್ಚಿಕೊಳ್ಳದ್ದಕ್ಕೆ ನಿಂದೆ. ಎರಡನ್ನೂ ಕೂಡಿಸಿ ನೋಡಿದರೆ, ಮಾನವು ಬರೀ ನೆವ, ಒಬ್ಬರ ಅಂಕೆಯಲ್ಲಿ ಇನ್ನೊಬ್ಬರು ಇರಬೇಕೆಂಬದೇ ಒಳಗಿನ ಮಾತು ಎಂದು ನಮಗೆ ತೋರುತ್ತದೆ.

ಉಡಿಗೆಯಲ್ಲಿ ತಪ್ಪುಒಪ್ಪು ಇಲ್ಲವೇ ಇಲ್ಲವೆಂದು ನಾವು ಹೇಳುವದಿಲ್ಲ. ಸಾಲ ಮಾಡಿ ಉಡುವದು ತಪ್ಪು. ಬಡವರ ಎದುರಿಗೆ ಮೆರೆಯುವದು ತಪ್ಪು. ಆದರೆ ಈ ಪ್ರಶ್ನೆಗಳನ್ನು ಇಬ್ಬರಿಗೂ ಹಾಕೋಣ. ಮದುವೆಯ ಸೀರೆಯ ಬೆಲೆಯನ್ನು ಕೇಳಿ ಬಾಯಿ ಬಿಡುವವರು, ವೈಶಾಖದ ಬಿಸಿಲಿನಲ್ಲಿ ಕೋಟು ಟೈ ಕಟ್ಟಿ ಬೆವರಿಳಿಸುವ ಮದುವಣಿಗನ ಲೆಕ್ಕವನ್ನೂ ಕೇಳಲಿ. ಇನ್ನು ಹೆಂಗಸರ ಬಂಗಾರದ ಆಶೆಯ ಮಾತು. ಹೊಲದ ಪಹಣಿಯಲ್ಲಿ ಹೆಸರಿಲ್ಲದವಳಿಗೆ ತನ್ನದೆಂಬ ಆಸ್ತಿ ಕೊರಳಲ್ಲಿಯೂ ಕಿವಿಯಲ್ಲಿಯೂ ಇರುವಷ್ಟೇ. ಮಳೆ ಕೈಕೊಟ್ಟ ವರುಷ ಬೀಜಗೊಬ್ಬರಕ್ಕಾಗಿ ಮೊದಲು ಅಡವಿಗೆ ಹೋಗುವದು ಆ ಸರವೇ. ಬಿಡಿಸಿ ತರುವದಕ್ಕೆ ಮಾತ್ರ ಆತುರವಿರುವದಿಲ್ಲ. ಅದನ್ನು ಬರೀ ಶೃಂಗಾರವೆಂದು ಹೀನೈಸುವ ಗಂಡನು ತನ್ನ ಮೋಟಾರುಸೈಕಲಿಗೆ ಯಾವ ಹೆಸರು ಕೊಡುತ್ತಾನೋ ಕಾಣೆವು.

ಕಡೆಗೆ ಒಂದು ಸಣ್ಣ ವಿಷಯ. ಗಂಡಸಿನ ಅಂಗಿಗೊಂದು ಜೇಬು, ಪ್ಯಾಂಟಿಗೆ ಮೂರುನಾಲ್ಕು. ಹೆಂಗಸು ತನ್ನ ಕೂಲಿಯ ಹಣವನ್ನು ಸೆರಗಿನ ತುದಿಗೆ ಗಂಟು ಹಾಕುತ್ತಾಳೆ, ಇಲ್ಲವೆ ಎಲೆಅಡಿಕೆಯ ಸಂಚಿಯಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸುತ್ತಾಳೆ. ದುಡಿಮೆ ಇಬ್ಬರದ್ದೂ ಉಂಟು. ಮಗಳ ಬಟ್ಟೆಯನ್ನು ಹೊಲಿಸಲು ಹೋದಾಗ ಒಂದು ಜೇಬನ್ನು ಇಡಪ್ಪಾ ಎಂದು ದರ್ಜಿಗೆ ಹೇಳಿ ನೋಡಿರಿ. ಹೆಣ್ಣುಮಕ್ಕಳ ಬಟ್ಟೆಗೆ ಅದು ಯಾತಕ್ಕೆ ಎಂದು ಅವನು ಕೇಳಬಹುದು.