ಉಳಿದ ಹನಿಗಳನ್ನೂ ಕೂಡಿಸೋಣ



ಐದು ರೊಟ್ಟಿ, ಎರಡು ಮೀನುಗಳಿಂದ ಯೇಸುಸ್ವಾಮಿ ಐದು ಸಾವಿರ ಜನರನ್ನು ತೃಪ್ತಿಪಡಿಸಿದ ಪ್ರಸಂಗ ನಮಗೆಲ್ಲ ಗೊತ್ತು. ಆದರೆ ಎಲ್ಲರೂ ಹೊಟ್ಟೆ ತುಂಬ ಉಂಡ ಮೇಲೆ ಅವರು ಹೇಳಿದ ಮಾತನ್ನು ನಾವು ಬೇಗನೆ ದಾಟಿಬಿಡುತ್ತೇವೆ. ಏನೂ ಹಾಳಾಗದಂತೆ ಉಳಿದ ಚೂರುಗಳನ್ನು ಕೂಡಿಸಲು ಅವರು ಶಿಷ್ಯರಿಗೆ ಅಪ್ಪಣೆ ಮಾಡಿದರು (ಯೊವಾನ್ನ 6:12). ಹನ್ನೆರಡು ಬುಟ್ಟಿಗಳು ತುಂಬಿದವು. ಬೇಕೆಂದಾಗ ರೊಟ್ಟಿಯನ್ನು ಹೆಚ್ಚಿಸಬಲ್ಲವರಿಗೆ ಚೂರುಗಳ ಚಿಂತೆ ಯಾಕೆ? ಸಮೃದ್ಧಿ ದೇವರ ವರದಾನ. ವರದಾನವಾದ್ದರಿಂದಲೇ ಅದನ್ನು ಪೋಲು ಮಾಡಲು ನಮಗೆ ಹಕ್ಕಿಲ್ಲ.

ನಮ್ಮ ಕಾಸರಗೋಡು ಸೀಮೆಗೆ ಈ ಮಾತು ನೇರವಾಗಿ ತಾಗುತ್ತದೆ. ಇಲ್ಲಿ ವರ್ಷಕ್ಕೆ 3,000 ಮಿಲ್ಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುತ್ತದೆ. ಆದರೂ ಏಪ್ರಿಲ್, ಮೇ ತಿಂಗಳಲ್ಲಿ ಬಾವಿಯ ತಳ ಕಾಣುತ್ತದೆ. ಇಳಿಜಾರಿನಲ್ಲಿ ಬಿದ್ದ ನೀರು ಹೊಳೆ ಸೇರಿ ಬೇಗನೆ ಕಡಲಿಗೆ ಹೋಗಿಬಿಡುತ್ತದೆ. ಇದನ್ನು ಅರಿತ ಹಿರಿಯರು ಮುರಕಲ್ಲಿನ ಗುಡ್ಡದೊಳಗೆ ಅಡ್ಡಲಾಗಿ ಸುರಂಗ ಕೊರೆದರು. ಒಸರಿದ ನೀರನ್ನು ಮಣ್ಣಿನ ಕೆರೆಯಲ್ಲಿ ತುಂಬಿಸಿ, ಪಂಪು ಕರೆಂಟು ಇಲ್ಲದೆ ತೋಟ ಬೆಳೆಸಿದರು. ಗುಡ್ಡ ಕೊಟ್ಟಷ್ಟನ್ನೇ ತೆಗೆದುಕೊಳ್ಳುವ ವಿನಯ ಅವರಲ್ಲಿತ್ತು.

ನಮ್ಮ ಶಾಲೆ, ಸಭಾಭವನ, ದೇವಾಲಯಗಳಲ್ಲಿ ಆ ವಿನಯ ಉಳಿದಿದೆಯೇ? ನೀರು ಕಡಮೆಯಾದೊಡನೆ ಇನ್ನೊಂದು ಕೊಳವೆಬಾವಿ ಕೊರೆಯೋಣ ಎಂಬ ಮಾತು ಏಳುತ್ತದೆ. ಆದರೆ ನೆಲದಡಿಯ ನೀರಿಗೆ ಕಂಪೌಂಡು ಗೋಡೆಯಿಲ್ಲ. ನಾವು ಆಳಕ್ಕೆ ಇಳಿದಾಗ ಗೋಡೆಯಾಚೆಯ ಬಡವರ ತೆರೆದ ಬಾವಿ ಬತ್ತಬಹುದು. ಆ ಮನೆಯವರು ಮಲಯಾಳ, ತುಳು, ಕೊಂಕಣಿ, ಬ್ಯಾರಿ ಯಾವ ಮಾತನ್ನೇ ಆಡಲಿ, ಬಾಯಾರಿಕೆಗೆ ಭಾಷೆಯಿಲ್ಲ. ಅವರಲ್ಲಿ ಬಾಯಾರಿ ನಿಂತವರು ಸ್ವಾಮಿಯೇ.

ಚೂರುಗಳನ್ನು ಕೂಡಿಸುವ ಬುಟ್ಟಿ ನಮ್ಮ ತಲೆಯ ಮೇಲೇ ಇದೆ. 1 ಚದರ ಮೀಟರ್ ಮಾಡಿನ ಮೇಲೆ 1 ಮಿಲ್ಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. 1,000 ಚದರ ಮೀಟರಿನ ಶಾಲೆಯ ಮಾಡಿಗೆ 3,000 ಮಿಲ್ಲಿಮೀಟರ್ ಮಳೆ ಎಂದರೆ 30 ಲಕ್ಷ ಲೀಟರ್! ಅದನ್ನು ಸೋಸಿ ಟ್ಯಾಂಕಿಗೂ ಬಾವಿಗೂ ಇಳಿಸಿದರೆ ನೆರೆಯವರ ಬಾವಿಗೂ ಪಾಲು ಸಿಗುತ್ತದೆ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿ ದಿನಕ್ಕೆ 86,400 ಹನಿ ಚೆಲ್ಲುತ್ತದೆ. ಅದನ್ನು ನಿಲ್ಲಿಸಲು ಹೆಚ್ಚಾಗಿ ಒಂದು ವಾಷರ್ ಸಾಕು.

ಕರೆಂಟಿನ ಕಥೆಯೂ ಇದೇ. ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವಾಟ್ ಬಳಸುವಲ್ಲಿ ಬಿಎಲ್‌ಡಿಸಿ ಫ್ಯಾನಿಗೆ ಸುಮಾರು 30 ವಾಟ್ ಸಾಕು. ಕಿಟಕಿ ತೆರೆದರೆ ಹಗಲಿನಲ್ಲಿ ಎಷ್ಟೋ ತರಗತಿಗಳಿಗೆ ದೀಪವೇ ಬೇಡ. ವ್ಯಾಟಿಕನ್ನಿನ ಆರನೇ ಪೌಲ್ ಸಭಾಂಗಣದ ಮಾಡಿಗೆ 2008ರಲ್ಲೇ ಸೌರಫಲಕಗಳು ಬಂದವು. ಕೊಚ್ಚಿ ವಿಮಾನ ನಿಲ್ದಾಣ 2015ರಲ್ಲಿ ಪೂರ್ತಿ ಸೌರವಿದ್ಯುತ್ತಿಗೆ ತಿರುಗಿತು. ಅದೇ ವರ್ಷ ಜಗದ್ಗುರು ಫ್ರಾನ್ಸಿಸ್‌ರವರು ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ನೀರನ್ನು ಮಿತವಾಗಿ ಬಳಸುವುದು, ಬೇಡದ ದೀಪ ಆರಿಸುವುದು ಮುಂತಾದ ದಿನನಿತ್ಯದ ಸಣ್ಣ ಕೆಲಸಗಳಿಗೂ ಘನತೆಯಿದೆ ಎಂದು ಬೋಧಿಸಿದರು.

ಸೆಪ್ಟೆಂಬರ್ 1ರಿಂದ ಅಸ್ಸಿಸಿಯ ಸಂತ ಫ್ರಾನ್ಸಿಸ್‌ರ ಹಬ್ಬವಾದ ಅಕ್ಟೋಬರ್ 4ರವರೆಗೆ ಸೃಷ್ಟಿಯ ಕಾಲ. ಈ ದಿನಗಳಲ್ಲಿ ಪ್ರತಿ ವಾಳೆಯವರೂ ಒಂದೊಂದು ಕಟ್ಟಡವನ್ನು ವಹಿಸಿಕೊಳ್ಳೋಣ. ಸೋರುವ ನಲ್ಲಿಗಳನ್ನು ಎಣಿಸೋಣ. ತುಲಾಮಳೆಗೆ ಮುಂಚೆ ಮಾಡಿನ ದಂಬೆಗಳನ್ನು ಶುಚಿ ಮಾಡೋಣ. ಬಲಿಪೂಜೆ ಮುಗಿದ ಮೇಲೆ ಫ್ಯಾನು, ದೀಪ ಆರಿಸುವ ಕೆಲಸವನ್ನು ಮಕ್ಕಳಿಗೆ ವಹಿಸೋಣ. ಅಂದು ಐದು ರೊಟ್ಟಿಗಳನ್ನು ತಂದವನೂ ಒಬ್ಬ ಹುಡುಗನೇ ತಾನೆ?

ಸೃಷ್ಟಿಕರ್ತರಾದ ಪಿತನೇ, ನೀವು ಧಾರಾಳವಾಗಿ ಸುರಿಸುವುದನ್ನು ಕೂಡಿಸುವ ಕೈಗಳನ್ನೂ, ಕೂಡಿಸಿದ್ದನ್ನು ಹಂಚುವ ಮನಸ್ಸನ್ನೂ ನಮಗೆ ಅನುಗ್ರಹಿಸಿರಿ. ಆಮೆನ್.