ಗಿಡಕ್ಕೆ ಮಿತ್ತು

ಕೋಣ ಕೋಣ ಹೋರಿದರೆ ಗಿಡಕ್ಕೆ ಮಿತ್ತು.

ಶಾಲೆಯಲ್ಲಿ ಗಾದೆ ವಿಸ್ತರಿಸಿ ಎಂದಾಗ ನಾವೆಲ್ಲ ಬರೆದದ್ದು ಒಂದೇ: ದೊಡ್ಡವರ ಜಗಳದಲ್ಲಿ ಬಡವರಿಗೆ ತೊಂದರೆ. ಅಂಕವೂ ಬರುತ್ತಿತ್ತು. ಆದರೆ ಗಾದೆ ತೊಂದರೆ ಎನ್ನುತ್ತಿಲ್ಲ, ಮಿತ್ತು ಎನ್ನುತ್ತಿದೆ. ಸಂಸ್ಕೃತದ ಮೃತ್ಯು ಕನ್ನಡದ ಬಾಯಲ್ಲಿ ಸವೆದು ಮಿತ್ತು ಆಯಿತು. ಮೃತ್ಯು ಪುರಾಣದ್ದು, ಮಿತ್ತು ನಮ್ಮ ಹಿತ್ತಲಿನದು. ಇನ್ನು ಹೋರು ಎಂಬುದು ಹೋರಾಟದ ತಾಯಿಬೇರು. ಹೋರಾಟಕ್ಕೆ ಇಂದು ಬಾವುಟ, ಘೋಷಣೆ, ಗೌರವ ಎಲ್ಲ ಉಂಟು. ಗಾದೆ ಕಟ್ಟಿದವರ ಕಣ್ಣಿಗೆ ಬಿದ್ದದ್ದು ಕೊಂಬು ಮತ್ತು ಗೊರಸು ಮಾತ್ರ.

ಈ ಗಾದೆಗೆ ನಮ್ಮ ಸೀಮೆಯಲ್ಲಿ ಒಂದು ಇಸವಿಯಿದೆ: 1791. ಮಾರ್ಚ್ 21ರಂದು ಬೆಂಗಳೂರು ಕೋಟೆ ಈಸ್ಟ್ ಇಂಡಿಯಾ ಕಂಪನಿಯ ಸೇನಾಪತಿ ಕಾರ್ನ್‌ವಾಲಿಸನ ಕೈಸೇರಿತು. ಮೇ ಮೊದಲ ವಾರ ಕಂಪನಿಯ ದಂಡು ಶ್ರೀರಂಗಪಟ್ಟಣಕ್ಕೆ ಹೊರಟಿತು. ಚನ್ನಪಟ್ಟಣದ ಹೆದ್ದಾರಿಯಲ್ಲಿ ಬರಬಹುದೆಂದು ಟಿಪ್ಪು ಕಾದಿದ್ದರೆ, ಅದು ಕಾನಕಾನಹಳ್ಳಿ, ಅಂದರೆ ಈಗಿನ ಕನಕಪುರದ, ಕಾಡುದಾರಿ ಹಿಡಿಯಿತು. ಆಗ ಟಿಪ್ಪು ಮಾಡಿದ್ದು ಹಳೆಯ ಯುದ್ಧತಂತ್ರ. ಶತ್ರುವಿಗೆ ಒಂದು ಹಿಡಿ ರಾಗಿ, ಒಂದು ಹೊರೆ ಹುಲ್ಲು ಸಿಗಬಾರದೆಂದು ದಾರಿಯ ಊರುಗಳನ್ನು ಸುಡಿಸಿದ. ಕಾನಕಾನಹಳ್ಳಿಯೂ ಉರಿಯಿತು. ತಂತ್ರ ಫಲಿಸಿತು ಎನ್ನಲೇಬೇಕು. ಮೇವಿಲ್ಲದೆ ಎತ್ತುಗಳು ದಾರಿಯುದ್ದಕ್ಕೂ ಸತ್ತವು. ಅದೇ ತಿಂಗಳು ಕಾರ್ನ್‌ವಾಲಿಸ್ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಿದ.

ಇಲ್ಲಿ ಗಾದೆಯೊಂದಿಗೆ ನನಗೊಂದು ತಕರಾರಿದೆ. ಹೊಲದ ಕೋಣಕ್ಕೂ ಬೇಲಿ ಮುರಿದು ನುಗ್ಗಿದ ಕೋಣಕ್ಕೂ ವ್ಯತ್ಯಾಸವಿಲ್ಲವೇ? ಇದೆ. ಏಳು ಸಮುದ್ರ ದಾಟಿ ಬಂದ ವ್ಯಾಪಾರದ ಕಂಪನಿಗೆ ಮಾಗಡಿ ಕಾಡಿನಲ್ಲಿ ಏನು ಕೆಲಸ? ಆದರೂ ಕನಕಪುರದ ಒಕ್ಕಲಿನ ಸೂರಿಗೆ ಬೆಂಕಿ ಬಿದ್ದದ್ದು ಸ್ವಂತ ದೊರೆಯಿಂದ. ಗಾದೆ ಕೋಣಗಳ ಊರು ಕೇಳುವುದಿಲ್ಲ. ಎಷ್ಟು ಕೋಣ ಎಂದೂ ಕೇಳುವುದಿಲ್ಲ. ಅಂದು ಕಂಪನಿಯ ಜೊತೆ ಮರಾಠರೂ ನಿಜಾಮನೂ ಇದ್ದರು.

ಅದೇ ವರ್ಷದ ಡಿಸೆಂಬರಿನಲ್ಲಿ ಸಾವನದುರ್ಗದ ಬೆಟ್ಟಕೋಟೆಯ ಸರದಿ. ಹೆಸರಿನ ಮೊದಲೆರಡು ಅಕ್ಷರ ಕೇಳಿ ಇಂಗ್ಲಿಷರು ಇದನ್ನು ಸಾವಿನ ಬಂಡೆ ಎಂದು ಬರೆದುಕೊಂಡರು. ಸುತ್ತ ಬಿದಿರುಮೆಳೆ, ಜ್ವರದ ಕಾಡು. ಬಂದವರಲ್ಲಿ ಅರ್ಧ ಜನ ರೋಗಕ್ಕೆ, ಉಳಿದರ್ಧ ಕೋಟೆಗೆ ಬಲಿಯಾಗುತ್ತಾರೆಂದು ಟಿಪ್ಪು ಹಿಗ್ಗಿದನಂತೆ. ಹಾಗಾಗಲಿಲ್ಲ. ಡಿಸೆಂಬರ್ 21ರಂದು ಸುಮಾರು ಒಂದು ಗಂಟೆಯಲ್ಲಿ ಕರಿಗುಡ್ಡ, ಬಿಳಿಗುಡ್ಡ ಎರಡೂ ಬಿದ್ದವು. ದಾಳಿಯಲ್ಲಿ ತಮ್ಮ ಒಬ್ಬನೇ ಸಿಪಾಯಿಗೆ ಗಾಯವಾಯಿತೆಂದು ಗೆದ್ದವರು ಲೆಕ್ಕ ಬರೆದರು. ಕೋಟೆಯವರಲ್ಲಿ ಎಷ್ಟೋ ಮಂದಿ ಓಡುತ್ತ ಬಂಡೆಯಿಂದ ಜಾರಿ ಬಿದ್ದು ಸತ್ತರು.

ಇದು ಯುದ್ಧದ ಮಿತ್ತು. ಯುದ್ಧ ಮುಗಿದ ಮೇಲೆ ಇನ್ನೊಂದು ಬಗೆಯದು ಬರುತ್ತದೆ, ಕಾಗದ ಪತ್ರದ ಸಮೇತ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಊರನ್ನು ದೋಚುತ್ತಿದ್ದ ತನ್ನದೇ ಸೈನಿಕರಲ್ಲಿ ನಾಲ್ವರನ್ನು ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಗಲ್ಲಿಗೇರಿಸಿದ. ಲೂಟಿ ನಿಂತಿತು. ರಾಜ್ಯವನ್ನೇ ದೋಚಿದ್ದಕ್ಕೆ ಗಲ್ಲು ಯಾರಿಗೆ ಎಂದು ಕೇಳುವವರಿರಲಿಲ್ಲ.

ಅದೇ ಗಲಿಬಿಲಿಯಲ್ಲಿ ಸೆರೆಯಿಂದ ತಪ್ಪಿಸಿಕೊಂಡವನು ಚನ್ನಗಿರಿಯ ಧೋಂಡಿಯ ವಾಘ್. ದಂಡು ಕಟ್ಟಿದ, ತಾನು ಉಭಯ ಲೋಕಗಳ ಒಡೆಯ ಎಂದು ಸಾರಿಕೊಂಡ. ಬಿರುದು ಸ್ವಲ್ಪ ಜಾಸ್ತಿಯಾಯಿತು, ನಿಜ. 1800ರಲ್ಲಿ ಮದರಾಸು ಸರ್ಕಾರದಿಂದ ವೆಲ್ಲೆಸ್ಲಿಗೆ ಆಜ್ಞೆ ಬಂತು: ಎಲ್ಲಿದ್ದರೂ ಹಿಡಿ, ಸಿಕ್ಕ ಮೊದಲ ಮರಕ್ಕೆ ನೇಣು ಹಾಕು. ಉತ್ತರ ಕರ್ನಾಟಕದಲ್ಲಿ ಮರಕ್ಕೂ ಗಿಡ ಎನ್ನುತ್ತಾರೆ. ಗಾದೆಯ ಗಿಡ ಅಲ್ಲಿ ಸಾಯುತ್ತಿಲ್ಲ, ಕೊಲ್ಲುವುದಕ್ಕೆ ನಿಂತಿದೆ.

ಆ ಆಜ್ಞೆಯಲ್ಲಿ ವಿಚಾರಣೆಯ ಮಾತಿಲ್ಲ, ಏಕೆಂದರೆ ತೀರ್ಪು ಹೆಸರಿನಲ್ಲೇ ಇತ್ತು. ಎದುರಾಳಿಯನ್ನು ಶತ್ರು ಎಂದರೆ ಸೆರೆ ಹಿಡಿಯಬೇಕು, ಸಂಧಿ ಮಾಡಿಕೊಳ್ಳಬೇಕು. ದರೋಡೆಕೋರ ಎಂದರೆ ಹಗ್ಗ ಸಾಕು. ಪರದೇಶದ ಸೈನ್ಯ ಎಲ್ಲಿ ಬೀಡುಬಿಟ್ಟರೂ ಮೊದಲು ವಶಪಡಿಸಿಕೊಳ್ಳುವುದು ಹೆಸರಿಡುವ ಅಧಿಕಾರವನ್ನು. 2006ರ ಡಿಸೆಂಬರ್ 30ರ ಬೆಳಗಿನ ಜಾವ ಬಾಗ್ದಾದಿನಲ್ಲಿ ಸದ್ದಾಂ ಹುಸೇನನನ್ನು ಗಲ್ಲಿಗೇರಿಸಿದರು. ನ್ಯಾಯಾಲಯ ಇರಾಕಿನದು, ಹಗ್ಗ ಹಿಡಿದವರೂ ಇರಾಕಿನವರು. ಕೈದಿ ಮಾತ್ರ ಕೊನೆಯ ಗಳಿಗೆಯವರೆಗೆ ಅಮೆರಿಕದವರ ಕಾವಲಿನಲ್ಲಿದ್ದ. ಅವನ ಕೈಗೆ ಅಂಟಿದ್ದ ರಕ್ತ ಸುಳ್ಳಲ್ಲ. ಆದರೆ ಆ ಬೆಳಗ್ಗೆ ನಡೆದದ್ದು ದಂಡನೆಯೋ ಯುದ್ಧದ ಮುಂದುವರಿಕೆಯೋ ಎಂದು ಜಗತ್ತು ಇನ್ನೂ ಜಗಳವಾಡುತ್ತಿದೆ. ನಮ್ಮಲ್ಲಿ ಮರಣದಂಡನೆಗೆ ಹೈಕೋರ್ಟಿನ ಮುದ್ರೆ ಬೇಕು, 1980ರ ಬಚನ್ ಸಿಂಗ್ ತೀರ್ಪಿನ ಪ್ರಕಾರ ಪ್ರಕರಣ ಅಪರೂಪದಲ್ಲಿ ಅಪರೂಪದ್ದಾಗಿರಬೇಕು. ಸಾಲದು ಎನ್ನುವವರಲ್ಲಿ ನಾನೂ ಒಬ್ಬ. ಆದರೂ ಮೊದಲ ಮರದಿಂದ ಅಲ್ಲಿಗೆ ಬಹಳ ದೂರ.

ಧೋಂಡಿಯ ಮರಕ್ಕೆ ಸಿಗಲಿಲ್ಲ. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಕಾಳಗದಲ್ಲಿ ಸತ್ತ. ಅವನ ಸಾಮಾನುಗಳ ನಡುವೆ ಸಿಕ್ಕ ಪುಟ್ಟ ಮಗ ಸಲಾಬತ್ ಖಾನನನ್ನು ನೇಣಿನ ಆಜ್ಞೆ ಹೊತ್ತಿದ್ದ ಅದೇ ವೆಲ್ಲೆಸ್ಲಿ ಸಾಕಲು ಏರ್ಪಾಡು ಮಾಡಿದ, ದೇಶ ಬಿಡುವಾಗ ಹಣವನ್ನೂ ಇಟ್ಟುಹೋದ. ಗಾದೆಯೊಳಗೆ ಇದಕ್ಕೆ ಜಾಗವಿಲ್ಲ.

ಹೆಸರಿಡುವ ಮಾತಿಗೆ ಮರಳಿದರೆ, ಅದೇ 1800ರಲ್ಲಿ, ಕಳ್ಳಕಾಕರ ಭಯವಿದ್ದ ಕಾಡಿನ ನಡುವಿನ ಹೆದ್ದಾರಿಗೆ ಕಾವಲಾಗಿ ದಿವಾನ್ ಪೂರ್ಣಯ್ಯ ಒಂದು ಪೇಟೆ ಕಟ್ಟಿಸಿದ. ಅದಕ್ಕೆ ಮೈಸೂರಿನ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿಟ್ಟ: ಕ್ಲೋಸ್‌ಪೇಟೆ. ಸ್ವಾತಂತ್ರ್ಯ ಬಂದಮೇಲೆ ಅದು ರಾಮನಗರವಾಯಿತು. ಭೂವಿಜ್ಞಾನಿಗಳು ಮಾತ್ರ ಇಲ್ಲಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಹಬ್ಬಿದ, 250 ಕೋಟಿ ವರ್ಷಗಳ ಬಂಡೆಸಾಲನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಸಾವನದುರ್ಗವೂ ಅದೇ ಕಲ್ಲು.