ಅಂಗಳದ ವಿಷವೂ ಅನರ್ಥದಂಡ ವ್ರತವೂ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅಹಿಂಸಾಣುವ್ರತದ ಹೆಸರನ್ನರಿಯದ ಜೈನ ಮನೆಯಿಲ್ಲ. ಆದರೆ ಗುಣವ್ರತಗಳಲ್ಲಿ ಒಂದಾದ ಅನರ್ಥದಂಡವಿರತಿಯನ್ನು ಪರ್ವಕಾಲದ ಪ್ರವಚನದಲ್ಲಿ ಒಮ್ಮೆ ಕೇಳಿ, ಪರ್ವ ಮುಗಿದೊಡನೆ ಮರೆಯುವವರೇ ನಮ್ಮಲ್ಲಿ ಹೆಚ್ಚು. ಪ್ರಯೋಜನವಿಲ್ಲದೆ ಮಾಡುವ ಪಾಪಕ್ರಿಯೆಯಿಂದ ವಿರಮಿಸುವುದೇ ಈ ವ್ರತ. ಇದನ್ನು ಮರೆತವನ ಮನೆಯಲ್ಲಿ ಮೊದಲನೆಯ ಅಣುವ್ರತವೂ ಉಳಿಯುವುದಿಲ್ಲವೆಂಬುದನ್ನು ನಾನು ಕಲಿತದ್ದು ಶಾಸ್ತ್ರಪಾಠದಿಂದಲ್ಲ, ನನ್ನ ಮನೆಯ ಅಂಗಳದಿಂದ. ಆ ಸಂಗತಿಯನ್ನು ಧರ್ಮಬಂಧುಗಳ ಮುಂದೆ ಆಲೋಚನಾಪೂರ್ವಕವಾಗಿ ಒಪ್ಪಿಸುತ್ತಿದ್ದೇನೆ.

ಸಾಸ್ವೆಹಳ್ಳಿಯಲ್ಲಿ ನಮ್ಮದು ಹಳೆಯ ಮನೆ. ಮಗನು ಅದರ ಮುಂಭಾಗವನ್ನು ಹೊಸದಾಗಿ ಕಟ್ಟಿಸಿ, ಪೇಟೆಯ ಮನೆಗಳಲ್ಲಿರುವಂತೆ ಅಂಗಳಕ್ಕೆ ಹುಲ್ಲುಹಾಸನ್ನು ಹಾಕಿಸಿದನು. ಬದಿಗೆ ನಾಲ್ಕು ಗುಲಾಬಿ ಗಿಡ, ಒಂದು ಮಲ್ಲಿಗೆಯ ಬಳ್ಳಿ. 2019ರ ಮಳೆಗಾಲದಲ್ಲಿ ಗೊಣ್ಣೆಹುಳು ಬೇರು ತಿಂದು ಹುಲ್ಲು ಅಲ್ಲಲ್ಲಿ ಹಳದಿಯಾಯಿತು. ಗೊಬ್ಬರದ ಅಂಗಡಿಯಲ್ಲಿ ವಿಚಾರಿಸಿ ಕ್ಲೋರ್‌ಪೈರಿಫಾಸ್ ಬಾಟಲಿಯೊಂದನ್ನು ತಂದೆನು. ಪರಿಚಯದ ಕೂಲಿಯ ಹುಡುಗನೊಬ್ಬನಿಗೆ ಬರಹೇಳಿದೆನು. ಅವನು ಬಂದದ್ದು ಭಾದ್ರಪದ ಶುಕ್ಲ ದಶಮಿಯಂದು. ದಶಲಕ್ಷಣ ಪರ್ವದಲ್ಲಿ ಅದು ಉತ್ತಮ ಸಂಯಮದ ದಿನ. ಅಂದು ನನ್ನದು ಏಕಾಶನ. ಬೆಳಿಗ್ಗೆ ಸ್ವಾಧ್ಯಾಯದಲ್ಲಿ ಸಂಯಮವು ಪ್ರಾಣಿಸಂಯಮ, ಇಂದ್ರಿಯಸಂಯಮಗಳೆಂದು ಎರಡು ಬಗೆಯೆಂದು ಮೊಮ್ಮಕ್ಕಳಿಗೆ ತಿಳಿಯ ಹೇಳಿದ್ದೆನು. ಷಟ್ಕಾಯ ಜೀವಗಳ ರಕ್ಷಣೆಯೇ ಪ್ರಾಣಿಸಂಯಮವೆಂದು ಅವರಿಂದ ಹೇಳಿಸಿಯೂ ಇದ್ದೆನು. ಅದೇ ಹೊತ್ತಿಗೆ ಕಿಟಕಿಯಾಚೆ ಪಂಪಿನ ಸದ್ದು ಕೇಳುತ್ತಿತ್ತು. ಎರಡಕ್ಕೂ ಸಂಬಂಧವಿದೆಯೆಂಬುದು ನನ್ನ ಮನಸ್ಸಿಗೆ ಹೊಳೆಯಲೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಹುಡುಗನು ತಲೆ ಸುತ್ತುತ್ತದೆಂದು ಜಗಲಿಯ ಮೇಲೆ ಕುಳಿತನು, ಬೆವೆತನು, ಎರಡು ಸಲ ವಾಂತಿ ಮಾಡಿದನು. ಕೈಗೆ ಗವುಸಿರಲಿಲ್ಲ, ಮೂಗಿಗೆ ಬಟ್ಟೆಯಿರಲಿಲ್ಲ. ಅವನ್ನು ಕೊಡಬೇಕೆಂದು ನನಗೂ ತೋಚಿರಲಿಲ್ಲ. ಆಸ್ಪತ್ರೆಗೆ ಕರೆದೊಯ್ದೆವು; ಸಂಜೆಯ ವೇಳೆಗೆ ಚೇತರಿಸಿಕೊಂಡನು. ಆದರೆ ಆ ಮೊದಲೇ ಅವನು ಪಂಪನ್ನು ಬಾವಿಕಟ್ಟೆಯ ಮೇಲೆಯೇ ತೊಳೆದಿದ್ದನು. ತೊಳೆದ ನೀರಿನಲ್ಲಿ ಒಂದಿಷ್ಟು ಬಾವಿಗೆ ಹರಿದಿತ್ತು.

ನಮ್ಮ ಮನೆಯಲ್ಲಿ ಸೋಸದ ನೀರನ್ನು ಬಳಸುವ ಪದ್ಧತಿಯಿಲ್ಲ. ಎರಡು ಮಡಿಕೆಯ ಬಟ್ಟೆಯಲ್ಲಿ ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಗಳನ್ನು ಅದೇ ಬಾವಿಯ ನೀರಿಗೆ ಜೋಪಾನವಾಗಿ ಮರಳಿ ಬಿಡುವುದು ನನ್ನ ತಾಯಿಯ ಕಾಲದಿಂದ ನಡೆದು ಬಂದ ಕ್ರಮ. ಮರುದಿನ ಬೆಳಿಗ್ಗೆ ನನ್ನ ಪತ್ನಿ ಹಿಂದಿನ ದಿನದ ನೀರು ಸೋಸಿದ ಬಟ್ಟೆಯನ್ನು ಕೈಯಲ್ಲಿ ಹಿಡಿದು ಬಾವಿಯ ಬಳಿ ನಿಂತು, “ಇವನ್ನು ಈ ನೀರಿಗೆ ಬಿಡಲೇ, ಬೇಡವೇ? ನೀವೇ ಹೇಳಿ” ಎಂದು ಕೇಳಿದರು. ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ನನ್ನಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಈಗ ಶಾಸ್ತ್ರದ ಅಳತೆಗೋಲನ್ನು ಹಿಡಿದು ನೋಡೋಣ. ನಮ್ಮ ಆಚಾರ್ಯರು ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಅಡಿಗೆ, ಕುಟ್ಟುವುದು, ಬೀಸುವುದು ಮೊದಲಾದವುಗಳಲ್ಲಿ ಆಗುವುದು ಆರಂಭೀ. ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ. ಮೇಲೆ ಬಿದ್ದವನಿಂದ ತನ್ನನ್ನೂ ತನ್ನವರನ್ನೂ ಕಾಪಾಡಿಕೊಳ್ಳುವಲ್ಲಿ ಆಗುವುದು ವಿರೋಧೀ. ಈ ಮೂರನ್ನು ಗೃಹಸ್ಥನು ಪೂರ್ತಿಯಾಗಿ ಬಿಡಲಾರನು. ಯತ್ನಾಚಾರದಿಂದ ಕಡಮೆ ಮಾಡಬಹುದು. ಕೊಲ್ಲಬೇಕೆಂಬ ಬುದ್ಧಿಯಿಂದ ತ್ರಸಜೀವಗಳನ್ನು ಕೊಲ್ಲುವ ಸಂಕಲ್ಪೀ ಹಿಂಸೆಯನ್ನಾದರೋ ಅಣುವ್ರತಿಯು ಬಿಟ್ಟೇ ಬಿಡಬೇಕು. ಕೃಷಿಯು ಆದಿನಾಥ ಸ್ವಾಮಿಯು ಉಪದೇಶಿಸಿದ ಅಸಿ, ಮಸಿ, ಕೃಷಿ, ವಿದ್ಯಾ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳಲ್ಲಿ ಒಂದಾದುದರಿಂದ, ಹೊಲದಲ್ಲಿ ಆಗುವ ಹಿಂಸೆಯ ವಿಚಾರ ಬೇರೆ. ನನ್ನ ಹುಲ್ಲುಹಾಸು ಯಾವ ಕರ್ಮಕ್ಕೆ ಸೇರಿತು? ಅದನ್ನು ದನ ಮೇಯುವುದಿಲ್ಲ, ಮನುಷ್ಯನು ಉಣ್ಣುವುದಿಲ್ಲ. ಬೀದಿಯಲ್ಲಿ ಹೋಗುವವರು ನೋಡಿ ಮೆಚ್ಚಲೆಂಬುದೊಂದೇ ಅದರ ಪ್ರಯೋಜನ. ಆ ಮೆಚ್ಚುಗೆಗಾಗಿ ದ್ವೀಂದ್ರಿಯವಾದ ಎರೆಹುಳು, ತ್ರೀಂದ್ರಿಯವಾದ ಇರುವೆ, ಮಲ್ಲಿಗೆಗೆ ಬರುವ ಚತುರಿಂದ್ರಿಯವಾದ ಜೇನುನೊಣಗಳ ಮೇಲೆ ನಾನು ವಿಷ ಹೊಯ್ಯಿಸಿದೆನು. ಇದು ಉದ್ಯೋಗೀ ಅಲ್ಲ, ಆರಂಭೀ ಅಲ್ಲ. ಎರೆಹುಳುವಾಗಲಿ ಜೇನುನೊಣವಾಗಲಿ ನನ್ನ ಮೇಲೆ ದಂಡೆತ್ತಿ ಬಂದಿರಲಿಲ್ಲವಾದುದರಿಂದ ವಿರೋಧಿಯೂ ಅಲ್ಲ. ಗೊಣ್ಣೆಹುಳುವನ್ನು ಕೊಲ್ಲಬೇಕೆಂದೇ ಬಾಟಲಿ ತಂದವನು ನಾನು; ಉಳಿದದ್ದು ಯಾವುದೆಂದು ಓದುಗರೇ ಹೇಳಬಹುದು.

ನಾನು ಪಂಪನ್ನು ಮುಟ್ಟಲಿಲ್ಲವೆಂಬ ಸಮಾಧಾನವೂ ನಿಲ್ಲುವುದಿಲ್ಲ. ತತ್ತ್ವಾರ್ಥಸೂತ್ರವು ಜೀವಾಧಿಕರಣದ 108 ಭೇದಗಳನ್ನು ಹೇಳುತ್ತದೆ: ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು, ಮನ, ವಚನ, ಕಾಯಗಳೆಂಬ ಮೂರು, ಕೃತ, ಕಾರಿತ, ಅನುಮತಗಳೆಂಬ ಮೂರು, ಕಷಾಯಗಳು ನಾಲ್ಕು, ಇವನ್ನು ಗುಣಿಸಿದರೆ 108. ಹುಲ್ಲು ಹಳದಿಯಾದುದನ್ನು ಕಂಡು ವಿಷ ಹೊಡೆಯಬೇಕೆಂದು ನಿಶ್ಚಯಿಸಿದ್ದು ಸಂರಂಭ, ಅಂಗಡಿಗೆ ಹೋಗಿ ಬಾಟಲಿ ತಂದು ಪಂಪನ್ನು ಹೊಂದಿಸಿದ್ದು ಸಮಾರಂಭ, ಹೊಡೆಯತೊಡಗಿದ್ದು ಆರಂಭ. ಹುಡುಗನದು ಕೃತ, ನನ್ನದು ಕಾರಿತ, ಹುಲ್ಲು ಮತ್ತೆ ಹಸಿರಾದಾಗ ಸಂತೋಷಪಟ್ಟ ಮನೆಮಂದಿಯದು ಅನುಮತ. ಅವನು ಹೊಟ್ಟೆಪಾಡಿಗಾಗಿ ಮಾಡಿದನು. ನಾನು ಮಾನಕಷಾಯದಿಂದ ಮಾಡಿಸಿದೆನು. ಇಬ್ಬರಲ್ಲಿ ಯಾರ ಬಂಧವು ತೀವ್ರವಾದುದೆಂದು ತಿಳಿಯಲು ಹೆಚ್ಚಿನ ಪಾಂಡಿತ್ಯ ಬೇಡ.

ಇನ್ನೊಂದು ಮಾತು. ನಮ್ಮ ಸೀಮೆಯಲ್ಲಿ ಇದನ್ನು ವಿಷವೆಂದು ಯಾರೂ ಕರೆಯುವುದಿಲ್ಲ. ‘ಔಷಧಿ ಹೊಡೆಯುವುದು’ ಎನ್ನುತ್ತೇವೆ. ಬಾಟಲಿಯಲ್ಲಿ ಉಳಿದ ಅರ್ಧವನ್ನು ನೆರೆಯವರು ಕೇಳಿದಾಗ ಸಂತೋಷದಿಂದಲೇ ಕೊಟ್ಟಿದ್ದೆನು. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನದಲ್ಲಿ ಔಷಧದಾನ ಎಷ್ಟು ದೊಡ್ಡದು! ಆದರೆ ನಾನು ಕೊಟ್ಟದ್ದು ಔಷಧವಲ್ಲ. ಅನರ್ಥದಂಡವು ಪಾಪೋಪದೇಶ, ಹಿಂಸಾದಾನ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆಗಳೆಂದು ಐದು ಬಗೆ. ಆಯುಧ, ಬೆಂಕಿ, ವಿಷ ಮೊದಲಾದ ಹಿಂಸೆಯ ಸಾಧನಗಳನ್ನು ಪರರಿಗೆ ಕೊಡುವುದೇ ಹಿಂಸಾದಾನ. ಹೆಸರೊಂದು ಬದಲಾದುದರಿಂದ ಪಾಪವು ಪುಣ್ಯದಂತೆ ಕಂಡಿತು.

ಈ ಅಳುಕು ಮನಸ್ಸಿನಲ್ಲಿದ್ದಾಗಲೇ 2020ರ ಮೇ ತಿಂಗಳಲ್ಲಿ ಕೇಂದ್ರ ಕೃಷಿ ಸಚಿವಾಲಯವು ಕರಡು ಆದೇಶವೊಂದನ್ನು ಪ್ರಕಟಿಸಿತು. 27 ಕೀಟನಾಶಕ, ಕಳೆನಾಶಕ, ಶಿಲೀಂಧ್ರನಾಶಕಗಳನ್ನು ನಿಷೇಧಿಸುವ ಉದ್ದೇಶವಿದೆ, ಸಾರ್ವಜನಿಕರು ಆಕ್ಷೇಪಣೆ ಹಾಗೂ ಸಲಹೆಗಳನ್ನು ಕಳುಹಿಸಬಹುದು ಎಂಬುದು ಅದರ ಸಾರ. ಮೊದಲು 45 ದಿನಗಳ ಅವಕಾಶವಿತ್ತು. ಆಮೇಲೆ ಅದನ್ನು 90 ದಿನಗಳಿಗೆ ವಿಸ್ತರಿಸಿದರು. ಪಟ್ಟಿಯಲ್ಲಿ ನನ್ನ ಕ್ಲೋರ್‌ಪೈರಿಫಾಸ್ ಇತ್ತು. ನಮ್ಮ ಹೋಬಳಿಯ ರೈತರು ದಿನನಿತ್ಯ ಹೆಸರಿಸುವ ಮಾನೊಕ್ರೊಟೊಫಾಸ್, ಭತ್ತದ ಗದ್ದೆಯ ಬ್ಯೂಟಾಕ್ಲೋರ್, ಮೆಕ್ಕೆಜೋಳದ ಅಟ್ರಾಜಿನ್‌ಗಳೂ ಇದ್ದವು. ಬರೆಯಬೇಕೋ ಸುಮ್ಮನಿರಬೇಕೋ ಎಂಬ ಪ್ರಶ್ನೆ ಎದುರಾಯಿತು.

ನಾನು ಬರೆಯಲಿರುವ ಸುದ್ದಿ ತಿಳಿದು, ನನ್ನ ಹಳೆಯ ವಿದ್ಯಾರ್ಥಿಯೂ ಮೆಕ್ಕೆಜೋಳ ಬೆಳೆಯುವವನೂ ಆದ ನೆರೆಯವನೊಬ್ಬನು ಬಂದನು. “ಮೇಷ್ಟ್ರೇ, ತಿಂಗಳಾದರೆ ನಿಮಗೆ ಪಿಂಚಣಿ ಬರುತ್ತದೆ. ನನ್ನ ಜೋಳ ಸೈನಿಕ ಹುಳುವಿನ ಬಾಯಿಗೆ ಹೋದರೆ ನನಗೆ ಯಾರು ಕೊಡುತ್ತಾರೆ? ನಿಮ್ಮ ಧರ್ಮಕ್ಕೆ ನನ್ನ ಹೊಟ್ಟೆ ಬೆಲೆ ಕಟ್ಟಬೇಕೇ?” ಎಂದನು. ಅವನ ಮಾತಿನಲ್ಲಿ ಅತಿಶಯವಿರಲಿಲ್ಲ. ಅಮೆರಿಕ ಖಂಡದ ಮೂಲದ ಆ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದೇ 2018ರಲ್ಲಿ ನಮ್ಮ ಪಕ್ಕದ ಶಿವಮೊಗ್ಗದಲ್ಲಿ; ಜೋಳದ ಸುಳಿಯೊಳಗೆ ಕುಳಿತು ತಿನ್ನುವ ಅದನ್ನು ಕಂಡು ರೈತರು ಕಂಗೆಟ್ಟಿದ್ದರು. ತಾನು ಏನನ್ನೂ ಕಳೆದುಕೊಳ್ಳದೆ ಪರರಿಂದ ತ್ಯಾಗ ಮಾಡಿಸುವುದು ವ್ರತವಲ್ಲ. ನನ್ನ ಅಂಗಳದಲ್ಲಿ ಹುಲ್ಲುಹಾಸು ಹಸಿರಾಗಿರುವಾಗ ಅವನ ಹೊಲದ ಬಾಟಲಿಯನ್ನು ಕಿತ್ತುಕೊಳ್ಳಿರೆಂದು ಬರೆಯುವ ಅಧಿಕಾರ ನನಗೆಲ್ಲಿಯದು?

ಹಾಗೆಂದು ಸುಮ್ಮನಿರುವುದು ನಿರ್ದೋಷವೇ? ಎಲ್ಲ ಮೌನವೂ ಅನುಮೋದನೆಯಲ್ಲ. ಮುನಿಯ ಮೌನ ಗುಪ್ತಿ. ಆದರೆ ಯಾವ ಕ್ರಿಯೆಯ ಫಲವನ್ನು ನಾನು ಉಣ್ಣುತ್ತಿರುವೆನೋ ಅದರ ವಿಷಯದಲ್ಲಿ ನನ್ನನ್ನು ಕೇಳಿದಾಗಲೂ ಬಾಯಿ ಬಿಡದಿದ್ದರೆ ಅದು ಗುಪ್ತಿಯಲ್ಲ, ಪ್ರಮಾದ. ಕಾಸರಗೋಡಿನ ಕನ್ನಡ, ತುಳು, ಮಲಯಾಳ ಮಾತಾಡುವ ಹಳ್ಳಿಗಳ ಕಥೆಯನ್ನು ನೆನೆಯಿರಿ. ಅಲ್ಲಿಯ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ತೋಟದ ಪಕ್ಕದ ಮನೆಯವರನ್ನು ಯಾರೂ ಕೇಳಲಿಲ್ಲ. ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ವೈದ್ಯರಾದ ವೈ. ಎಸ್. ಮೋಹನ್ ಕುಮಾರ್ ಅವರೂ ಪತ್ರಕರ್ತರಾದ ಶ್ರೀಪಡ್ರೆಯವರೂ ಅಂಗವಿಕಲರಾದ, ಬುದ್ಧಿ ಬೆಳೆಯದ ಮಕ್ಕಳನ್ನು ಕಂಡು ಬರೆದು ಎಚ್ಚರಿಸಿದರು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆಗಳಲ್ಲಿಯೂ ಅದೇ ನೋವು. ಕರ್ನಾಟಕ ಸರ್ಕಾರವು 2011ರ ಫೆಬ್ರವರಿಯಲ್ಲಿ ಅದನ್ನು ನಿಷೇಧಿಸಿತು. ಅದೇ ವರ್ಷದ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶಕ್ಕೆಲ್ಲ ತಡೆ ನೀಡಿತು. ಅಷ್ಟು ಹೊತ್ತಿಗೆ ಒಂದು ತಲೆಮಾರು ಹಾಸಿಗೆ ಹಿಡಿದಿತ್ತು. ಆ ತಾಯಂದಿರನ್ನು ಮೊದಲೇ ಕೇಳಿದ್ದರೆ ಅವರು ಸುಮ್ಮನಿರುತ್ತಿದ್ದರೇ? ಅವರಿಗೆ ದೊರೆಯದ ಅವಕಾಶವು ನಮಗೆ ದೊರೆತಿರುವಾಗ ಅದನ್ನು ಕೈಬಿಡುವುದು ಯಾವ ಧರ್ಮ?

ಕೊನೆಗೆ ದಾರಿ ತೋರಿಸಿದ್ದು ಅನರ್ಥದಂಡ ವ್ರತವೇ. ಮೊದಲು ಅನರ್ಥವನ್ನು ಬಿಡು, ಆಮೇಲೆ ಅರ್ಥವನ್ನು ಪರಿಮಿತಗೊಳಿಸು ಎಂಬುದು ಅದರ ಕ್ರಮ. ಜೈನರ ಹೆಸರೇ ಹೆಚ್ಚಾಗಿ ಕೇಳಿರದ ದೂರದೇಶವೊಂದರಲ್ಲಿ ಇದೇ ಕ್ರಮವನ್ನು ಕಾನೂನಾಗಿ ಮಾಡಿದ್ದಾರೆಂದು ಓದಿ ನನಗೆ ಆಶ್ಚರ್ಯವಾಯಿತು. ಕೆನಡಾದ ಕ್ವಿಬೆಕ್ ಪ್ರಾಂತದ ಹಡ್ಸನ್ ಎಂಬ ಪುಟ್ಟ ಊರಿನ ಪುರಸಭೆಯು 1991ರಲ್ಲಿ, ಬರಿಯ ಅಂದಕ್ಕಾಗಿ ಹುಲ್ಲುಹಾಸಿಗೂ ಹೂದೋಟಕ್ಕೂ ಕೀಟನಾಶಕ ಹೊಡೆಯುವುದನ್ನು ತಡೆಯಿತು. ಹೊಲದ ಬೇಸಾಯಕ್ಕೆ ಅಡ್ಡಿಪಡಿಸಲಿಲ್ಲ. ಹುಲ್ಲುಹಾಸಿಗೆ ಔಷಧಿ ಹೊಡೆಯುವ ಕಂಪನಿಗಳು ನ್ಯಾಯಾಲಯಕ್ಕೆ ಹೋದವು. 2001ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಊರಿನ ಪರವಾಗಿ ತೀರ್ಪಿತ್ತಿತು. 2009ರಲ್ಲಿ ಒಂಟಾರಿಯೊ ಪ್ರಾಂತವು ಇಡೀ ಪ್ರಾಂತಕ್ಕೆ ಅಂಥದೇ ನಿಯಮ ಮಾಡಿತು. ಅವರು ಅದನ್ನು ಮಾಡಿದ್ದು ಮಕ್ಕಳ ಆರೋಗ್ಯಕ್ಕಾಗಿ, ನೀರಿನ ಶುದ್ಧಿಗಾಗಿ. ಆದರೂ ಅಂದಕ್ಕಾಗಿ ಹೊಡೆಯುವುದು ಬೇರೆ, ಅನ್ನಕ್ಕಾಗಿ ಹೊಡೆಯುವುದು ಬೇರೆ ಎಂಬ ಅವರ ವಿವೇಕವು ಸಮಂತಭದ್ರಾಚಾರ್ಯರ ಶ್ರಾವಕಾಚಾರವನ್ನು ಓದಿದವರಿಗೆ ಹೊಸದಲ್ಲ.

ನಾನು ಮೊದಲು ಅಂಗಳದ ಹುಲ್ಲುಹಾಸನ್ನು ತೆಗೆಸಿದೆನು. ಮಗನಿಗೆ ಬೇಸರವಾಯಿತು, ಕಾರಣ ತಿಳಿದ ಮೇಲೆ ಸುಮ್ಮನಾದನು. ಬಳಿಕ ಸಚಿವಾಲಯಕ್ಕೆ ಪತ್ರ ಬರೆದೆನು: ಮನೆ, ಶಾಲೆ, ದೇವಾಲಯ, ಉದ್ಯಾನಗಳಲ್ಲಿ ಇಂಥ ವಿಷಗಳನ್ನು ಕೂಡಲೇ ನಿಲ್ಲಿಸಬೇಕು, ಹೊಲದಲ್ಲಿ ನಿಲ್ಲಿಸುವ ಮುನ್ನ ರೈತನಿಗೆ ಬದಲಿ ಉಪಾಯವನ್ನೂ ಕಾಲಾವಕಾಶವನ್ನೂ ಕೊಡಬೇಕು, ಹೊಡೆಯುವ ಕೂಲಿಯವನ ಮೈಗಾವಲಿನ ಹೊಣೆಯನ್ನು ಹೊಡೆಸುವವನ ಮೇಲೆ ಹೊರಿಸಬೇಕು. ಪತ್ರವನ್ನು ಅಂಚೆಗೆ ಹಾಕುವ ಮೊದಲು ನೆರೆಯವನಿಗೆ ಓದಿ ಹೇಳಿದೆನು. ಅವನು ಒಪ್ಪಿದನೆಂದು ಹೇಳಲಾರೆ. “ಮೂರನೆಯದನ್ನು ಮೊದಲು ಬರೆಯಿರಿ” ಎಂದನು. ಹಾಗೆಯೇ ತಿದ್ದಿದೆನು.

ಫಲವೇನಾಯಿತೆಂದು ಕೇಳುವವರುಂಟು. 2023ರ ಸೆಪ್ಟೆಂಬರಿನ ಅಂತಿಮ ಆದೇಶದಲ್ಲಿ 27ರ ಪೈಕಿ ಡೈಕೊಫಾಲ್, ಡೈನೊಕ್ಯಾಪ್, ಮೆಥೊಮಿಲ್ ಎಂಬ ಮೂರಕ್ಕೆ ನಿಷೇಧ ಬಂದಿತು. ಶೇಕಡಾ 36ರ ಮಾನೊಕ್ರೊಟೊಫಾಸನ್ನು ಕ್ರಮೇಣ ನಿಲ್ಲಿಸಲು ನಿಶ್ಚಯವಾಯಿತು. ಇನ್ನು ಕೆಲವನ್ನು ಕೆಲವು ಬೆಳೆಗಳಿಗೆ ಬಳಸದಂತೆ ಮಾಡಿದರು. ಕಾನೂನು ಎಲ್ಲರನ್ನೂ ಜತೆಗೆ ಕರೆದುಕೊಂಡು ನಡೆಯಬೇಕಾದುದರಿಂದ ಅದರ ನಡೆ ನಿಧಾನ. 1968ರ ಕೀಟನಾಶಕ ಕಾಯ್ದೆಯ ಪ್ರಕಾರ ಶಾಶ್ವತವಾಗಿ ನಿಷೇಧಿಸುವ ಅಧಿಕಾರ ಕೇಂದ್ರದ್ದು. ರಾಜ್ಯಕ್ಕಿರುವುದು ಕೆಲವು ದಿನಗಳ ತಡೆಯಷ್ಟೇ. ಆದರೆ ವ್ರತಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಡ. ತನ್ನ ಅಂಗಳದ ಮಟ್ಟಿಗೆ ಪ್ರತಿಯೊಬ್ಬ ಗೃಹಸ್ಥನೂ ಇಂದೇ ಆದೇಶ ಹೊರಡಿಸಬಹುದು.

ಆದುದರಿಂದ ಬರುವ ಚಾತುರ್ಮಾಸದಲ್ಲಿ ಉಪವಾಸ, ಏಕಾಶನಗಳ ನಿಯಮದೊಡನೆ ಈ ನಾಲ್ಕನ್ನೂ ಸೇರಿಸಿಕೊಳ್ಳಿರೆಂದು ಶ್ರಾವಕ ಶ್ರಾವಿಕೆಯರಲ್ಲಿ ನನ್ನ ವಿನಂತಿ. ಅಂದಕ್ಕಾಗಿ ಬೆಳೆಸಿದ ಯಾವ ಗಿಡಕ್ಕೂ ವಿಷ ಹೊಡೆಯಬಾರದು, ಹೊಡೆಸಬಾರದು. ಉಳಿದ ವಿಷವನ್ನು ಯಾರಿಗೂ ದಾನ ಮಾಡಬಾರದು. ಬೆಳೆಗೆ ಅನಿವಾರ್ಯವಾದಲ್ಲಿ ಕೃಷಿ ಇಲಾಖೆಯವರು ಹೇಳುವ ಮೃದುವಾದ ಉಪಾಯಗಳನ್ನು ಮೊದಲು ಪ್ರಯತ್ನಿಸಬೇಕು. ಬೇವಿನ ಬೀಜದ ಕಷಾಯದಲ್ಲಿಯೂ ಹಿಂಸೆಯಿದೆಯೆಂಬುದನ್ನು ಮರೆಯದೆ, ಅಳತೆ ಮೀರದೆ ಬಳಸಬೇಕು. ಕೂಲಿಯವನಿಗೆ ಗವುಸು, ಮುಖವಸ್ತ್ರಗಳನ್ನು ಕೊಡದೆ ಪಂಪನ್ನು ಕೊಡಬಾರದು, ಅದನ್ನು ಬಾವಿ, ಕೆರೆ, ಕಾಲುವೆಗಳ ಬಳಿ ತೊಳೆಯಗೊಡಬಾರದು.

ಅಂದು ಪತ್ನಿ ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ನನಗೆ ಬಹಳ ಕಾಲ ಹಿಡಿಯಿತು. ಬಾವಿಯ ನೀರನ್ನು ಹಲವು ಸಲ ಮೊಗೆದು ಖಾಲಿ ಮಾಡಿಸಿದೆವು. ಮುಂದಿನ ಮಳೆಗಾಲದವರೆಗೆ ಆ ನೀರನ್ನು ಬಳಸಲಿಲ್ಲ. ಈಗ ಮತ್ತೆ ಅವರು ಪ್ರತಿದಿನ ಬೆಳಿಗ್ಗೆ ಬಟ್ಟೆಯನ್ನು ಮಗುಚಿ ಜೀವಗಳನ್ನು ನೀರಿಗೆ ಬಿಡುತ್ತಾರೆ. ನಾನು ಪಕ್ಕದಲ್ಲಿ ನಿಂತು ನೋಡುತ್ತೇನೆ; ಅಂಗಳದಲ್ಲಿ ಈಗ ತುಂಬೆ, ಗರಿಕೆಗಳು ತಮ್ಮಷ್ಟಕ್ಕೆ ಬೆಳೆದಿವೆ.

ಸರ್ವಜೀವಗಳಿಗೂ ಕ್ಷೇಮವಾಗಲಿ. ಜೈ ಜಿನೇಂದ್ರ.